‘ತಕರಾರಿಲ್ಲ’ ಎಂದರೆ ‘ಬಿಟ್ಟುಕೊಟ್ಟೆ’ ಎಂದಲ್ಲ

ಸಾವಿನ ಮನೆಯಲ್ಲಿ ಯಾರೂ ಎದುರಾಡದ ಮಾತೊಂದಿದೆ. ‘ಇಲ್ಲೊಂದು ಸಹಿ ಹಾಕಕ್ಕ, ಏನಿಲ್ಲ, ಬರೀ ಫಾರ್ಮಾಲಿಟಿ.’ ಹೇಳುವವನು ತಮ್ಮ. ಅವನ ಕೈಯಲ್ಲಿ ಐನೂರು ರೂಪಾಯಿಯ ಸ್ಟಾಂಪ್ ಪೇಪರ್. ಅಕ್ಕ ಬಂದಿರುವುದು ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ. ಹದಿಮೂರನೆಯ ದಿನದ ಊಟ ಮುಗಿದಿದೆ, ಮರುದಿನ ಅವಳಿಗೆ ರೈಲಿದೆ. ಕಾಗದ ಇರುವುದು ಮರಾಠಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಅವಳು ಕಲಿತದ್ದು ಕನ್ನಡ ಶಾಲೆಯಲ್ಲಿ. ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಗಳ ಕನ್ನಡ ಮನೆಗಳಲ್ಲಿ ಇದು ಎಷ್ಟು ಮಾಮೂಲೆಂದರೆ ಯಾರೂ ಇದನ್ನು ಅನ್ಯಾಯ ಎಂದು ಕರೆಯುವುದಿಲ್ಲ. ತಮ್ಮನೂ ಕಳ್ಳನಾಗಿರಬೇಕಿಲ್ಲ. ಕೋರ್ಟಿನ ಹೊರಗಿನ ಟೈಪಿಂಗ್ ಅಂಗಡಿಯವರು ಕೊಟ್ಟದ್ದನ್ನು ತಂದಿದ್ದಾನೆ, ಅಷ್ಟೆ. ಎಷ್ಟೋ ಸಲ ಅದರಲ್ಲಿ ಏನಿದೆಯೆಂದು ಅವನೂ ಓದಿರುವುದಿಲ್ಲ.

ಓದಿದರೆ ಅದರಲ್ಲಿ ಎರಡು ಬೇರೆ ಬೇರೆ ವಾಕ್ಯಗಳು ಸಿಗುತ್ತವೆ. ಮೊದಲನೆಯದು: ತೀರಿಕೊಂಡವರ ಆಸ್ತಿಯ ವಿಚಾರದಲ್ಲಿ ಅರ್ಜಿದಾರರ ಹೆಸರಿಗೆ ಪ್ರಮಾಣಪತ್ರ ಕೊಡಲು ನನ್ನ ತಕರಾರಿಲ್ಲ. ಎರಡನೆಯದು: ಸದರಿ ಆಸ್ತಿಯಲ್ಲಿ ನನಗಿರುವ ಹಕ್ಕು, ಪಾಲು, ಸಂಬಂಧಗಳನ್ನೆಲ್ಲ ನಾನು ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ. ಕೋರ್ಟಿಗೆ ಉಪಯೋಗವಾಗುವುದು ಮೊದಲನೆಯ ವಾಕ್ಯ ಮಾತ್ರ. ಎರಡನೆಯದು ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಹಿಂದಿನ ಯಾವುದೋ ಗಿರಾಕಿಯ ಕಾಗದದಿಂದ ಉಳಿದುಕೊಂಡು ಬಂದಿರಬಹುದು, ಯಾರೋ ಬೇಕೆಂದೇ ಸೇರಿಸಿರಲೂಬಹುದು. ಎರಡೂ ಒಂದೇ ಹಾಳೆಯಲ್ಲಿರುವುದರಿಂದ ಸಹಿಯೂ ಒಂದೇ. ಈ ಎರಡು ವಾಕ್ಯಗಳು ಒಂದು ಹಾಳೆಯಲ್ಲಿ ಕೂಡಬಾರದು. ಬೇಕಾದರೆ ಎರಡು ಕಾಗದ ಮಾಡಲಿ, ಎರಡು ಬೇರೆ ದಿನ ಮಾಡಲಿ, ಸಹಿ ಹಾಕುವವರು ಓದಬಲ್ಲ ಭಾಷೆಯಲ್ಲಿ ಮಾಡಲಿ. ಹಾಗೆ ಮಾಡದ ಕಾಗದವನ್ನು ಸಮ್ಮತಿಪತ್ರ ಎಂದು ಕರೆಯುವುದೇ ಸುಳ್ಳು.

ವ್ಯತ್ಯಾಸವೇನು ಸಣ್ಣದಲ್ಲ. ಒಂದು ಲೆಕ್ಕ ಹಾಕಿ ನೋಡಿ. ಡೊಂಬಿವಲಿಯಲ್ಲಿ ಅಪ್ಪ ತನ್ನ ದುಡಿಮೆಯಲ್ಲಿ ಕೊಂಡ ಫ್ಲ್ಯಾಟು, ಇವತ್ತಿನ ಬೆಲೆ 80 ಲಕ್ಷ ಎಂದಿಟ್ಟುಕೊಳ್ಳೋಣ. ಉಯಿಲು ಬರೆದಿಲ್ಲ. ಅಮ್ಮ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಾಲ್ವರಿಗೂ ಸಮಪಾಲು, ತಲಾ 20 ಲಕ್ಷ. ‘2005ರ ಮೇಲೆ ಹೆಣ್ಣುಮಕ್ಕಳಿಗೆ ಹಕ್ಕು ಬಂತು, ನಿನ್ನ ಮದುವೆ ಅದಕ್ಕಿಂತ ಮೊದಲೇ ಆಗಿದೆ’ ಎಂಬ ವಾದ ಈ ಕಡೆಯ ಮನೆಗಳಲ್ಲಿ ಬಹಳ ಓಡುತ್ತದೆ. ಅದು ಇಲ್ಲಿಗೆ ಸಂಬಂಧವೇ ಇಲ್ಲದ ವಾದ. 2005ರ ತಿದ್ದುಪಡಿಯಾಗಲಿ, ಅದಕ್ಕೆ ಮೊದಲು 1994ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳು ಮಾಡಿಕೊಂಡ ತಿದ್ದುಪಡಿಗಳಾಗಲಿ ಒಟ್ಟು ಕುಟುಂಬದ ಪಿತ್ರಾರ್ಜಿತಕ್ಕೆ ಸೇರಿದವು. ಅಪ್ಪನ ಸ್ವಯಾರ್ಜಿತದಲ್ಲಿ, ಅವನು ಉಯಿಲಿಲ್ಲದೆ ತೀರಿಕೊಂಡರೆ, ಮಗಳಿಗೆ ಮಗನಷ್ಟೇ ಪಾಲು ಇರುವುದು 1956ರಿಂದ. ಮದುವೆ ಯಾವ ವರ್ಷ ಆಯಿತು, ವರದಕ್ಷಿಣೆ ಎಷ್ಟು ಕೊಟ್ಟರು ಎಂಬುದನ್ನು ಕಾನೂನು ಕೇಳುವುದಿಲ್ಲ. ಮುಂಬಯಿ ಕಡೆಗೆ ದುಡಿಯಲು ಬಂದು ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ದುಡಿದು ಮನೆ ಮಾಡಿದವರ ಆಸ್ತಿಯಲ್ಲಿ ಬಹುಪಾಲು ಸ್ವಯಾರ್ಜಿತವೇ. ಹಾಗಾಗಿ ಊರಿನ ಗದ್ದೆಗೆ ಅನ್ವಯಿಸುವ ಗೊಂದಲವನ್ನು ಇಲ್ಲಿಯ ಒಂದು ಬಿಎಚ್‌ಕೆಗೆ ಎಳೆದು ತರುವುದು ಒಂದೋ ಅಜ್ಞಾನ, ಒಂದೋ ಅನುಕೂಲ.

ಇನ್ನು ಕೋರ್ಟು ನಿಜವಾಗಿ ಏನು ಕೇಳುತ್ತದೆ? ಇದಕ್ಕೆ ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಬ್ಯಾಂಕಿನ ಠೇವಣಿ, ಷೇರು, ಬರಬೇಕಾದ ಸಾಲ, ಇಂಥವಕ್ಕೆ ಸಕ್ಸೆಷನ್ ಸರ್ಟಿಫಿಕೇಟು. ಅದು ಮನೆ, ಜಮೀನಿಗೆ ಸಲ್ಲುವುದಿಲ್ಲ. ಇಡೀ ಆಸ್ತಿಯ ಆಡಳಿತಕ್ಕೆ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಡಳಿತ ಪತ್ರ. ಮಹಾರಾಷ್ಟ್ರದಲ್ಲಿ ಇವೆರಡರ ಜೊತೆಗೆ ಇನ್ನೊಂದಿದೆ: 1827ರ ಬಾಂಬೆ ರೆಗ್ಯುಲೇಷನ್ 8ರ ಅಡಿಯಲ್ಲಿ ಕೋರ್ಟು ಕೊಡುವ ವಾರಸುದಾರಿಕೆಯ ಪ್ರಮಾಣಪತ್ರ. ಸುಮಾರು ಇನ್ನೂರು ವರ್ಷದ ಈ ಕಂಪನಿ ಕಾಲದ ನಿಯಮ ಕಲ್ಯಾಣ, ಥಾಣೆಯ ಕೋರ್ಟುಗಳಲ್ಲಿ ಇನ್ನೂ ಬದುಕಿದೆ. ಊರಿನಲ್ಲಿ ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸಿ ಅಭ್ಯಾಸವಿರುವವರು ಇಲ್ಲಿ ಮೊದಲು ಎಡವುವುದು ಇದರ ಮುಂದೆಯೇ. ಯಾವ ಕೋರ್ಟು ಎಂಬುದು ತೀರಿಕೊಂಡವರು ಸಾಮಾನ್ಯವಾಗಿ ಎಲ್ಲಿ ವಾಸವಿದ್ದರು ಎಂಬುದರ ಮೇಲೆ ಹೋಗುತ್ತದೆ. ನವಿಮುಂಬಯಿ ಎಂದು ಒಂದೇ ಹೆಸರಿನಲ್ಲಿ ಕರೆದರೂ ವಾಶಿ, ನೆರೂಳ್ ಇರುವುದು ಥಾಣೆ ಜಿಲ್ಲೆಯಲ್ಲಿ. ಖಾರ್ಘರ್, ಪನ್ವೇಲ್ ರಾಯಗಡ ಜಿಲ್ಲೆಗೆ ಸೇರಿದವು.

ಈ ಮೂರರಲ್ಲಿ ಯಾವುದಕ್ಕೂ ಎಲ್ಲ ವಾರಸುದಾರರ ಸಮ್ಮತಿ ಕಾನೂನಿನ ಶರತ್ತಲ್ಲ. ಈ ಮಾತನ್ನು ಎರಡು ಸಲ ಓದಬೇಕು, ಏಕೆಂದರೆ ಇಲ್ಲಿಯ ವ್ಯವಹಾರವೆಲ್ಲ ಇದರ ತಲೆಕೆಳಗಾದ ನಂಬಿಕೆಯ ಮೇಲೆ ನಿಂತಿದೆ. ಕಾನೂನು ಕೇಳುವುದು ತಿಳಿಸುವುದನ್ನು: ಅರ್ಜಿಯಲ್ಲಿ ಹತ್ತಿರದ ಸಂಬಂಧಿಗಳ ಹೆಸರು, ವಿಳಾಸ ಬರೆಯಬೇಕು, ಅವರಿಗೆ ನೋಟೀಸು ಹೋಗಬೇಕು, ಹೇಳುವುದಿದ್ದರೆ ಬಂದು ಹೇಳಲಿ. ಬಂದು ಆಕ್ಷೇಪಿಸಿದರೆ ವಿಚಾರಣೆ. ಬರದಿದ್ದರೆ ಅರ್ಜಿ ಮುಂದಕ್ಕೆ. ಸಮ್ಮತಿಯ ಅಫಿಡವಿಟ್ ಇದ್ದರೆ ನೋಟೀಸು ಕಳಿಸಿ, ಅದು ತಲುಪಿತೇ ಎಂದು ಕಾಯುವ ತಿಂಗಳುಗಳು ಉಳಿಯುತ್ತವೆ. ಅದರ ಬೆಲೆ ಅಷ್ಟೇ. ಅದು ಕಾಲ ಉಳಿಸುವ ಕಾಗದ. ಪಾಲು ಹಂಚುವ ಕಾಗದವಲ್ಲ.

ಆಡಳಿತ ಪತ್ರ ಸಿಕ್ಕವನು ಮಾಲೀಕನಾಗುವುದಿಲ್ಲ ಎಂಬುದು ಆ ಕಾಯ್ದೆಯ ಹಾಳೆ ಹಾಳೆಯಲ್ಲೂ ಇದೆ. 317ನೇ ಕಲಂ ಪ್ರಕಾರ ಅವನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು, ಒಂದು ವರ್ಷದೊಳಗೆ ಲೆಕ್ಕವನ್ನು ಕೋರ್ಟಿಗೆ ಒಪ್ಪಿಸಬೇಕು. ಬೇಕೆಂದೇ, ಸರಿಯಾದ ಕಾರಣವಿಲ್ಲದೆ ಒಪ್ಪಿಸದಿದ್ದರೆ 263ನೇ ಕಲಂ ಅಡಿ ಆ ಪತ್ರವನ್ನೇ ರದ್ದು ಮಾಡಬಹುದು. ಸಕ್ಸೆಷನ್ ಸರ್ಟಿಫಿಕೇಟಿಗೆ 375ನೇ ಕಲಂ ಬಾಂಡಿನ ಮಾತಾಡುತ್ತದೆ: ಬಂದ ಹಣದ ಲೆಕ್ಕ ಕೊಡುತ್ತೇನೆ, ಅದರಲ್ಲಿ ಪಾಲಿರುವವರಿಗೆ ನಷ್ಟವಾಗದಂತೆ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಡುವ ಬಾಂಡು. ಸರ್ಟಿಫಿಕೇಟು ಕೈಗೆ ಬಂದ ಮೇಲೂ ‘ಪಾಲಿರುವ ಬೇರೆಯವರು’ ಇರುತ್ತಾರೆ ಎಂದು ಕಾಯ್ದೆಯೇ ಎಣಿಸಿಕೊಂಡಿದೆ. ಸಕ್ಸೆಷನ್ ಸರ್ಟಿಫಿಕೇಟು ಮಾಲೀಕತ್ವವನ್ನು ತೀರ್ಮಾನಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. 2005ರ ಬನಾರಸಿ ದಾಸ್ ತೀರ್ಪು ಅವುಗಳಲ್ಲೊಂದು. ಹಣ ಕೊಡುವ ಬ್ಯಾಂಕಿಗೆ ರಕ್ಷಣೆ ಸಿಗುತ್ತದೆ, ಪಡೆದವನ ಮೇಲೆ ಜವಾಬ್ದಾರಿ ಬೀಳುತ್ತದೆ. ತಮ್ಮ ಮನೆಯವರೆಲ್ಲರ ಪರವಾಗಿ ಓಡಾಡುವ ಮುನೀಮ. ಅವನಿಗೆ ಓಡಾಡಲು ಒಪ್ಪಿಗೆ ಕೊಟ್ಟ ಅಕ್ಕ ಮುನೀಮನಿಗೆ ಅಂಗಡಿಯನ್ನೇ ಬರೆದುಕೊಟ್ಟ ಹಾಗಾಗಲು ಯಾವ ಕಾರಣವೂ ಇಲ್ಲ.

ಸಮ್ಮತಿ ಕಡ್ಡಾಯ ಎಂಬ ತಪ್ಪು ನಂಬಿಕೆಯಿಂದ ಇನ್ನೊಂದು ಕೇಡೂ ಆಗುತ್ತಿದೆ, ಇದು ತಮ್ಮಂದಿರಿಗೆ, ತಾಯಂದಿರಿಗೆ ಆಗುವ ಕೇಡು. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಒಬ್ಬ ಮಗ ‘ಮೊದಲು ನನ್ನ ಪಾಲು ಇತ್ಯರ್ಥವಾಗಲಿ, ಆಮೇಲೆ ಸಹಿ’ ಎಂದು ಕೂತರೆ ಡೊಂಬಿವಲಿಯಲ್ಲಿರುವ ವಿಧವೆ ತಾಯಿ ಠೇವಣಿ ಮುಟ್ಟಲಾಗದೆ ವರ್ಷಗಟ್ಟಲೆ ಕಾಯುತ್ತಾಳೆ. ಕಾಯಬೇಕಾಗಿಲ್ಲ. ಅವನಿಗೆ ನೋಟೀಸು ಕಳಿಸಿ ಅರ್ಜಿ ಮುಂದುವರಿಸಬಹುದು. ಒಂದು ಕಡೆ ಸಹಿಯನ್ನು ಕಿತ್ತುಕೊಳ್ಳುತ್ತಾರೆ, ಇನ್ನೊಂದು ಕಡೆ ಸಹಿಯನ್ನು ಒತ್ತೆ ಇಟ್ಟುಕೊಳ್ಳುತ್ತಾರೆ. ಎರಡಕ್ಕೂ ಬೇರು ಒಂದೇ: ಸಹಿಯಿಲ್ಲದೆ ಏನೂ ಆಗುವುದಿಲ್ಲ ಎಂಬ ನಂಬಿಕೆ.

ಈಗ ಭಾಷೆಯ ವಿಷಯಕ್ಕೆ ಬರೋಣ. ನಿಜವಾದ ಜಗಳ ಇರುವುದು ಅಲ್ಲೇ.

1872ರ ಕರಾರು ಕಾಯ್ದೆಯ 13ನೇ ಕಲಂ ಸಮ್ಮತಿ ಎಂದರೇನೆಂದು ಒಂದೇ ವಾಕ್ಯದಲ್ಲಿ ಹೇಳುತ್ತದೆ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಅದು ಸಮ್ಮತಿ. ಒಂದೇ ಅರ್ಥದಲ್ಲಿ, ಎಂಬ ಮಾತಿನ ಮೇಲೆ ಬೆರಳಿಡಬೇಕು. ತಮ್ಮನ ಮನಸ್ಸಿನಲ್ಲಿ ‘ಮನೆ ನನ್ನ ಹೆಸರಿಗಾಗುತ್ತದೆ’ ಎಂದೂ ಅಕ್ಕನ ಮನಸ್ಸಿನಲ್ಲಿ ‘ತಮ್ಮ ಕೋರ್ಟಿಗೆ ಓಡಾಡಲು ಅನುಕೂಲವಾಗಲಿ’ ಎಂದೂ ಇದ್ದರೆ ಅಲ್ಲಿ ಸಹಿ ಇದೆ, ಸಮ್ಮತಿ ಇಲ್ಲ. ಇಂಗ್ಲಿಷಿನಲ್ಲಿ ನೋ ಆಬ್ಜೆಕ್ಷನ್, ಮರಾಠಿಯಲ್ಲಿ ನಾ ಹರಕತ್. ಹರಕತ್ತು ಎಂಬ ಮಾತು ಉತ್ತರ ಕರ್ನಾಟಕದವರಿಗೂ ಹೊಸದಲ್ಲ, ‘ನಮ್ಮದೇನೂ ಹರಕತ್ತಿಲ್ರಿ’ ಎನ್ನುವವರು ಅಲ್ಲೂ ಇದ್ದಾರೆ. ಅಡ್ಡಿಯಿಲ್ಲ, ತಕರಾರಿಲ್ಲ, ಇಷ್ಟೇ ಅದರ ಅರ್ಥ. ಮರಾಠಿಯ ಹಕ್ಕಸೋಡಪತ್ರ ಬೇರೆಯದೇ ಪ್ರಾಣಿ. ಕನ್ನಡದಲ್ಲಿ ಅದು ಹಕ್ಕು ಬಿಡುಗಡೆ ಪತ್ರ, ಕೆಲವು ಕಡೆ ಹಕ್ಕು ಖುಲಾಸೆ. ಪಕ್ಕದ ಮನೆಯವರು ಗೋಡೆ ಕಟ್ಟಲು ನಮ್ಮ ತಕರಾರಿಲ್ಲ ಎಂದರೆ ನಮ್ಮ ಅಂಗಳ ಅವರಿಗೆ ಕೊಟ್ಟೆವು ಎಂದು ಯಾವ ಕನ್ನಡಿಗನೂ ಅರ್ಥ ಮಾಡುವುದಿಲ್ಲ. ಸತ್ತವರ ಮನೆಯ ಕಾಗದದಲ್ಲಿ ಮಾತ್ರ ಆ ಅರ್ಥ ಹೇಗೆ ಹೊಕ್ಕಿತು? ಸಹಿ ಹಾಕುವವರಿಗೆ ಪದ ಕಾಣುವುದಿಲ್ಲ, ಸಹಿಯ ಜಾಗ ಮಾತ್ರ ಕಾಣುತ್ತದೆ ಎಂಬ ಕಾರಣಕ್ಕೆ. ಅಡ್ಡಬೆರಳಿಟ್ಟು ತೋರಿಸಿದ ಜಾಗ.

ಇಲ್ಲಿ ಕಾನೂನೂ ಪೂರ್ತಿ ಶುದ್ಧವಲ್ಲ. 1908ರ ನೋಂದಣಿ ಕಾಯ್ದೆಯ 19ನೇ ಕಲಂ ನೋಡಿ. ನೋಂದಣಿಗೆ ಬಂದ ದಸ್ತಾವೇಜು ಸಬ್ ರಿಜಿಸ್ಟ್ರಾರರಿಗೆ ಅರ್ಥವಾಗದ, ಆ ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲದ ಭಾಷೆಯಲ್ಲಿದ್ದರೆ, ಜೊತೆಗೆ ಸರಿಯಾದ ಅನುವಾದವಿಲ್ಲದಿದ್ದರೆ ಅವರು ಅದನ್ನು ನೋಂದಾಯಿಸಲು ನಿರಾಕರಿಸಲೇಬೇಕು. ಅಂದರೆ ಕಲ್ಯಾಣದಲ್ಲಿ ಕನ್ನಡದ ಹಕ್ಕು ಬಿಡುಗಡೆ ಪತ್ರ ತೆಗೆದುಕೊಂಡು ಹೋದರೆ ಅನುವಾದ ತನ್ನಿ ಎನ್ನುತ್ತಾರೆ. ಮರಾಠಿ ಪತ್ರಕ್ಕೆ ಮರಾಠಿ ಬಾರದ ಕನ್ನಡತಿ ಸಹಿ ಹಾಕಿದರೆ ಅನುವಾದ ತನ್ನಿ ಎಂದು ಆ ಕಲಂ ಯಾರಿಗೂ ಹೇಳುವುದಿಲ್ಲ. ಆಸ್ತಿ ಕಳೆದುಕೊಳ್ಳದ ಅಧಿಕಾರಿಗೆ ಅರ್ಥವಾಗಬೇಕು. ಕಳೆದುಕೊಳ್ಳುವವಳಿಗೆ ಅರ್ಥವಾದರೆ ಒಳ್ಳೆಯದು, ಆಗದಿದ್ದರೂ ನಡೆಯುತ್ತದೆ! ಅಫಿಡವಿಟ್ಟಿನ ಕೊನೆಯಲ್ಲಿ ‘ಮೇಲಿನದನ್ನು ಓದಿ ಹೇಳಿ, ಅರ್ಥ ವಿವರಿಸಲಾಗಿದೆ’ ಎಂಬ ಷರಾ ಇರುತ್ತದೆ ನಿಜ. ಅದೂ ಟೈಪಿಂಗ್ ಅಂಗಡಿಯಿಂದಲೇ ಅಚ್ಚಾಗಿ ಬಂದಿರುತ್ತದೆ. ಓದಿ ಹೇಳಿದವರು ಯಾರು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.

ಓದುಬರಹವಿಲ್ಲದ ಅಥವಾ ಪರದೆಯಲ್ಲಿರುವ ಹೆಂಗಸಿನಿಂದ ಆಸ್ತಿ ಬರೆಸಿಕೊಂಡಾಗ ಅವಳು ಅರ್ಥ ಮಾಡಿಕೊಂಡೇ ಸಹಿ ಹಾಕಿದಳೆಂದು ಸಾಬೀತು ಮಾಡುವ ಹೊಣೆ ಬರೆಸಿಕೊಂಡವನದೇ ಎಂದು ಪ್ರಿವಿ ಕೌನ್ಸಿಲ್ ಕಾಲದಿಂದ ಕೋರ್ಟುಗಳು ಹೇಳುತ್ತ ಬಂದಿವೆ. ಸುಪ್ರೀಂ ಕೋರ್ಟು ಖರ್ಬುಜಾ ಕುವರ್ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಡಿಗ್ರಿ ಓದಿ, ಶಾಲೆಯಲ್ಲಿ ಪಾಠ ಹೇಳುತ್ತಿರುವ ಶಿರಸಿಯ ಅಕ್ಕನಿಗೆ ಈ ಆಸರೆ ಸುಲಭವಾಗಿ ಸಿಗುವುದಿಲ್ಲ. ಅವಳು ಅಕ್ಷರಸ್ಥೆ, ಕಾಗದದ ಲಿಪಿ ಮಾತ್ರ ಅವಳದಲ್ಲ. ದೇವನಾಗರಿಯನ್ನು ಹಿಂದಿ ಪರೀಕ್ಷೆಗಾಗಿ ಕಲಿತವರು ಮರಾಠಿ ಕೋರ್ಟು ಭಾಷೆಯನ್ನು ಅಕ್ಷರ ಕೂಡಿಸಿ ಓದಬಲ್ಲರು, ಅರ್ಥ ಹಿಡಿಯಲಾರರು. ಈ ಅರ್ಧ ಓದು ಅನಕ್ಷರತೆಗಿಂತ ಹೆಚ್ಚು ಅಪಾಯ. ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಯಾರಾದರೂ ಓದಿಯಾದರೂ ಹೇಳುತ್ತಾರೆ. ಇವಳು ಓದಿದಳೆಂದೇ ಎಲ್ಲರೂ ತಿಳಿಯುತ್ತಾರೆ.

ಅಂಥ ಸಹಿಯಿಂದ ಪಾಲು ನಿಜವಾಗಿ ಹೋಗುತ್ತದೆಯೇ? ಸ್ಥಿರಾಸ್ತಿಯ ಮಟ್ಟಿಗೆ ಹೋಗಬಾರದು. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು, ಅದು ಅದೇ 1908ರ ಕಾಯ್ದೆಯ 17ನೇ ಕಲಂ. ನೋಟರಿಯ ಕೆಂಪು ಮುದ್ರೆ ಎಷ್ಟು ದೊಡ್ಡದಿದ್ದರೂ ಅದು ನೋಂದಣಿಯಲ್ಲ. ಅಪ್ಪ ಬದುಕಿರುವಾಗಲೇ ಮಗಳಿಂದ ‘ಮುಂದೆ ಬರುವ ಪಾಲು ಬೇಡ’ ಎಂದು ಬರೆಸಿಕೊಂಡದ್ದಕ್ಕೂ ಸಾಮಾನ್ಯವಾಗಿ ಬೆಲೆಯಿಲ್ಲ, ಇನ್ನೂ ಹುಟ್ಟದ ಹಕ್ಕನ್ನು ವರ್ಗಾಯಿಸಲು ಆಸ್ತಿ ವರ್ಗಾವಣೆ ಕಾಯ್ದೆ ಬಿಡುವುದಿಲ್ಲ. ಆದರೆ ಇದನ್ನೆಲ್ಲ ಹೇಳಬೇಕಾದರೆ ಅವಳು ದಾವೆ ಹೂಡಬೇಕು, ಸ್ವಂತ ತಮ್ಮನ ವಿರುದ್ಧ, ಇನ್ನೊಂದು ರಾಜ್ಯದ ಕೋರ್ಟಿನಲ್ಲಿ. ಅಷ್ಟರಲ್ಲಿ ಸೊಸೈಟಿಯಲ್ಲಿ ಹೆಸರು ಬದಲಾಗಿರುತ್ತದೆ, ಕೆಲವೊಮ್ಮೆ ಫ್ಲ್ಯಾಟು ಮಾರಾಟವೂ ಆಗಿರುತ್ತದೆ. ಠೇವಣಿಯ ಹಣವಾದರೆ ನೋಂದಣಿಯ ಪ್ರಶ್ನೆಯೂ ಇಲ್ಲ.

ಯಾರ ಸಹಿ ಬೇಕು ಎಂಬುದರಲ್ಲೂ ಟೈಪಿಂಗ್ ಅಂಗಡಿ ತಪ್ಪುತ್ತದೆ, ಕನ್ನಡ ನಾಡಿನವರ ವಿಚಾರದಲ್ಲಿ ವಿಶೇಷವಾಗಿ. ಬಂಟರು, ಮೊಗವೀರರು, ಬಿಲ್ಲವರು ಹಲವರು ಅಳಿಯಸಂತಾನ ಕಟ್ಟಿನವರು. 1956ರ ಕಾಯ್ದೆ ಆ ಕಟ್ಟನ್ನು ಮುಗಿಸಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಪೂರ್ತಿ ಮುಗಿಸಲಿಲ್ಲ. 17ನೇ ಕಲಂನಲ್ಲಿ ಮರುಮಕ್ಕತ್ತಾಯ, ಅಳಿಯಸಂತಾನದವರಿಗೆ ಬೇರೆ ಕ್ರಮ ಉಳಿಸಿತು. ಸಾಮಾನ್ಯ ಹಿಂದೂ ಹೆಂಗಸು ಉಯಿಲಿಲ್ಲದೆ ತೀರಿಕೊಂಡರೆ ಮೊದಲ ಸಾಲಿನ ವಾರಸುದಾರರು ಮಕ್ಕಳು ಮತ್ತು ಗಂಡ. ಅಳಿಯಸಂತಾನದ ಹೆಂಗಸಾದರೆ ಮೊದಲ ಸಾಲಿನಲ್ಲಿ ಮಕ್ಕಳು ಮತ್ತು ತಾಯಿ. ಗಂಡ ಬರುವುದು ಎರಡನೆಯ ಸಾಲಿನಲ್ಲಿ, ತಂದೆಯ ಜೊತೆಗೆ. ಹೆಂಡತಿಯ ಹೆಸರಲ್ಲಿ ಫ್ಲ್ಯಾಟು ಮಾಡಿದ ಎಷ್ಟೋ ಮನೆಗಳಿವೆ ಇಲ್ಲಿ. ಅಂಥ ಹೆಂಡತಿ ತೀರಿಕೊಂಡಾಗ ಅಚ್ಚಾದ ನಮೂನೆಯಲ್ಲಿ ಗಂಡನ ಹೆಸರು ಮೊದಲು ಬರುತ್ತದೆ. ಕಾಪುವಿನಲ್ಲೋ ಮಲ್ಪೆಯಲ್ಲೋ ಮಗಳ ಸಾವಿನ ಸುದ್ದಿ ಕೇಳಿ ಕೂತಿರುವ ತಾಯಿಯ ಹೆಸರು ಬರುವುದೇ ಇಲ್ಲ. ಅವಳಿಂದ ಸಮ್ಮತಿ ಕಿತ್ತುಕೊಳ್ಳಲೂ ಯಾರೂ ಹೋಗುವುದಿಲ್ಲ, ಅವಳು ಇದ್ದಾಳೆಂದೇ ಕಾಗದಕ್ಕೆ ಗೊತ್ತಿಲ್ಲ.

ಉಳಿದ ಕಟ್ಟಿನವರಲ್ಲೂ ತಾಯಿಯೇ ಮರೆತುಹೋಗುವವಳು. ಮದುವೆಯಾದ ಮಗ ಸಣ್ಣ ವಯಸ್ಸಿನಲ್ಲಿ ತೀರಿಕೊಂಡರೆ ಹೆಂಡತಿ, ಮಕ್ಕಳಷ್ಟೇ ಸಮನಾದ ಪಾಲು ತಾಯಿಗೂ ಉಂಟು. ತಂದೆಗೆ ಆ ಸಾಲಿನಲ್ಲಿ ಇಲ್ಲ. ಇದು ಸೊಸೆಗೆ ಸಂಕಟ ತರುವ ನಿಯಮ ಎಂಬುದೂ ಸತ್ಯ. ಇಎಂಐ ಕಟ್ಟುತ್ತಿರುವ ವಿಧವೆ, ವಿಜಯಪುರದ ಹಳ್ಳಿಯಲ್ಲಿರುವ ಅತ್ತೆಯ ಒಪ್ಪಿಗೆಗೆ, ಅತ್ತೆಯ ಹಿಂದೆ ನಿಂತ ಮೈದುನನ ಮರ್ಜಿಗೆ ಕಾಯುವ ಮನೆಗಳೂ ಇರುತ್ತವೆ. ಅಲ್ಲಿಯೂ ಉತ್ತರ ಅದೇ, ನೋಟೀಸು ಕಳಿಸಿ ಮುಂದುವರಿಯುವುದು. ಅತ್ತೆಯ ಹೆಸರನ್ನೇ ಬಿಟ್ಟು ಅರ್ಜಿ ಹಾಕುವುದಲ್ಲ.

ಹೌಸಿಂಗ್ ಸೊಸೈಟಿಗಳ ಪಾಲು ಈ ಅವಾಂತರದಲ್ಲಿ ಸಣ್ಣದಲ್ಲ. ‘ಎಲ್ಲ ವಾರಸುದಾರರ ಎನ್‌ಒಸಿ ತನ್ನಿ’ ಎನ್ನುವುದು ಸೆಕ್ರೆಟರಿಗಳ ಬಾಯಿಪಾಠ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಗೆ 2019ರಲ್ಲಿ ಸೇರಿದ 154ಬಿ-13ನೇ ಕಲಂ ಏನು ಹೇಳುತ್ತದೆ? ಉಯಿಲು, ಸಕ್ಸೆಷನ್ ಸರ್ಟಿಫಿಕೇಟು, ವಾರಸುದಾರಿಕೆಯ ಪ್ರಮಾಣಪತ್ರ, ವಾರಸುದಾರರು ಮಾಡಿಕೊಂಡ ಕೌಟುಂಬಿಕ ಒಪ್ಪಂದ, ನಾಮಿನೇಷನ್, ಇವುಗಳಲ್ಲಿ ಯಾವುದಾದರೊಂದರ ಆಧಾರದ ಮೇಲೆ ವರ್ಗಾಯಿಸಬೇಕು. ನಾಮಿನಿ ಇದ್ದರೆ ನಿಜವಾದ ಹಕ್ಕುದಾರರು ಬರುವ ತನಕ ಅವರನ್ನು ತಾತ್ಕಾಲಿಕ ಸದಸ್ಯರನ್ನಾಗಿ ಮಾಡಿಕೊಳ್ಳಬೇಕು. ತಾತ್ಕಾಲಿಕ ಎಂಬ ಪದವನ್ನು ಶಾಸಕಾಂಗ ಸುಮ್ಮನೆ ಹಾಕಿಲ್ಲ. ನಾಮಿನಿ ಎಂದರೆ ಮಾಲೀಕ ಎಂಬ ಭ್ರಮೆಗೆ ಮುಂಬಯಿಯವರಿಗೆ ಗೊತ್ತಿರುವ ಒಂದು ಹೆಸರಿನಲ್ಲೇ ಉತ್ತರ ಸಿಕ್ಕಿದೆ. ಕನ್ನಡದಲ್ಲೂ ಬರುವ ಕಾಲನಿರ್ಣಯ ಕ್ಯಾಲೆಂಡರಿನ ಸ್ಥಾಪಕ ಜಯಂತ್ ಸಾಳಗಾಂವಕರ್ 2013ರಲ್ಲಿ ತೀರಿಕೊಂಡ ಮೇಲೆ ಅವರ ಕುಟುಂಬದಲ್ಲಿ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಡಿಸೆಂಬರಿನಲ್ಲಿ ಬಂದ ತೀರ್ಪು: ಷೇರು, ಠೇವಣಿಗಳಿಗೆ ನಾಮಿನಿಯಾದ ಮಾತ್ರಕ್ಕೆ ವಾರಸುದಾರರನ್ನು ಬದಿಗೆ ಸರಿಸಿ ಪೂರ್ಣ ಮಾಲೀಕರಾಗುವುದಿಲ್ಲ. ಜೀವವಿಮೆಯ ವಿಚಾರದಲ್ಲಿ ಇದೇ ಮಾತನ್ನು ಆ ಕೋರ್ಟು 1984ರಲ್ಲೇ ಹೇಳಿತ್ತು. ಸೊಸೈಟಿಯ ಆಫೀಸಿಗೆ ಸುದ್ದಿ ತಲುಪಲು ನಲವತ್ತು ವರ್ಷ ಸಾಲದೇ?

ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊಸ ನಿರ್ದೇಶನ ಕೊಟ್ಟಿತು. ನಾಮಿನಿ ಇಲ್ಲದ ಖಾತೆಯಲ್ಲಿ ಸಹಕಾರಿ ಬ್ಯಾಂಕಾದರೆ 5 ಲಕ್ಷ, ಉಳಿದವಾದರೆ 15 ಲಕ್ಷದವರೆಗಿನ ಹಣಕ್ಕೆ, ಜಗಳವಿಲ್ಲದಿದ್ದರೆ, ಕೋರ್ಟಿನ ಸರ್ಟಿಫಿಕೇಟು ಕೇಳಬಾರದು. ಬಹಳ ಒಳ್ಳೆಯ ಸುಧಾರಣೆ. ಆದರೆ ಅಲ್ಲಿಯೂ ಹಣ ಕೇಳದ ವಾರಸುದಾರರಿಂದ ‘ಡಿಸ್‌ಕ್ಲೈಮರ್ ಅಥವಾ ನೋ ಆಬ್ಜೆಕ್ಷನ್’ ಪತ್ರ ಬೇಕು. ನಡುವೆ ಒಂದು ಅಡ್ಡಗೆರೆ ಎಳೆದು ಎರಡನ್ನೂ ಒಂದೇ ಎಂಬಂತೆ ಕೂರಿಸಿದ್ದಾರೆ. ಒಂದು ‘ನನಗೆ ಬೇಡ’, ಇನ್ನೊಂದು ‘ಅವನಿಗೆ ಕೊಡಿ, ಅಡ್ಡಿಯಿಲ್ಲ’. ಕೋರ್ಟಿನ ಸುತ್ತಾಟ ತಪ್ಪಿದಷ್ಟೂ ಈ ಒಂದು ಹಾಳೆಯ ತೂಕ ಹೆಚ್ಚುತ್ತದೆ.

ಉಯಿಲಿನ ಕಡೆಯೂ ಹೀಗೆಯೇ ಆಗಿದೆ. ಮುಲುಂಡ್ ಚೆಕ್‌ನಾಕಾದ ಈಚೆ ಒಂದು ಕಾನೂನು, ಆಚೆ ಒಂದು ಕಾನೂನು ಎಂಬ ವಿಚಿತ್ರ ಬಹುಕಾಲ ನಡೆದಿತ್ತು: ಮುಂಬಯಿ ನಗರದ ಮಿತಿಯೊಳಗೆ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯ, ಥಾಣೆಯವರು ಥಾಣೆಯ ಮನೆಯ ಬಗ್ಗೆ ಥಾಣೆಯಲ್ಲೇ ಬರೆದ ಉಯಿಲಿಗೆ ಬೇಡ. ಆ ಕಡ್ಡಾಯ ಮಾಡುತ್ತಿದ್ದ 213ನೇ ಕಲಂ ಅನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ತಾರತಮ್ಯ ಹೋಯಿತು, ಸರಿ. ಆದರೆ ಪ್ರೊಬೇಟ್ ಎಂದರೆ ಉಳಿದ ವಾರಸುದಾರರಿಗೆ ನೋಟೀಸು ಹೋಗುವ ಒಂದು ಘಟ್ಟವೂ ಆಗಿತ್ತು. ಅದು ಕಡ್ಡಾಯವಲ್ಲದಲ್ಲಿ ಸೊಸೈಟಿಯವರು ಉಯಿಲಿನ ಜೊತೆಗೂ ಎನ್‌ಒಸಿ ಕೇಳುತ್ತಾರೆ. ಥಾಣೆ, ಕಲ್ಯಾಣದಲ್ಲಿ ನಡೆಯುತ್ತ ಬಂದದ್ದು ಇನ್ನು ದಾದರಿನಲ್ಲೂ ನಡೆಯಬಹುದು.

ಇಷ್ಟೆಲ್ಲ ಹೇಳಿದಾಗ ಬರುವ ಉತ್ತರ ಕಾನೂನಿನದಲ್ಲ. ‘ಅಪ್ಪ ಅಮ್ಮನನ್ನು ನೋಡಿಕೊಂಡವನು ಅವನು. ಆಸ್ಪತ್ರೆಯಲ್ಲಿ ರಾತ್ರಿ ಕೂತವಳು ಅವನ ಹೆಂಡತಿ. ಅಕ್ಕಂದಿರು ಎರಡು ವರ್ಷಕ್ಕೊಮ್ಮೆ ಬಂದು ಹೋದವರು. ಈಗ ಪಾಲು ಕೇಳಿದರೆ ತವರು ಉಳಿಯುತ್ತದೆಯೇ?’ ಇದು ಹುರುಳಿಲ್ಲದ ಮಾತಲ್ಲ. ನೋಡಿಕೊಂಡವರಿಗೆ ಹೆಚ್ಚು ಸಲ್ಲಬೇಕು ಎಂದು ಅಕ್ಕಂದಿರಿಗೇ ಅನಿಸಬಹುದು, ಬಹಳ ಜನಕ್ಕೆ ಅನಿಸುತ್ತದೆ ಕೂಡ. ಹಾಗನಿಸಿದವರು ಕೊಡಲಿ. ತನ್ನದು 20 ಲಕ್ಷ ಎಂದು ತಿಳಿದು, ಆರು ತಿಂಗಳು ಬಿಟ್ಟು, ಸಬ್ ರಿಜಿಸ್ಟ್ರಾರರ ಮುಂದೆ ಹೋಗಿ, ತಾನು ಓದಿದ ಕಾಗದದಲ್ಲಿ ಕೊಟ್ಟರೆ ಅದು ದಾನ. ಕೊಟ್ಟವಳಿಗೆ ತವರಿನಲ್ಲಿ ತಲೆಯೆತ್ತಿ ನಿಲ್ಲುವ ಜಾಗವೂ ಸಿಗುತ್ತದೆ. ಗೊತ್ತಿಲ್ಲದೆ ಹೋದದ್ದಕ್ಕೆ ಯಾರೂ ಋಣಿಯಾಗುವುದಿಲ್ಲ. ಊರ ಕಡೆಯ ಬಿಡುಗಡೆ ಪತ್ರಗಳಲ್ಲಿ ‘ಅರಿಶಿನ ಕುಂಕುಮಕ್ಕಾಗಿ’ ಒಂದಿಷ್ಟು ಹಣ ಕೊಟ್ಟಂತೆ ಬರೆಯುವ ರೂಢಿಯಿದೆ, ಮರಾಠಿಯವರಲ್ಲಿ ಸೀರೆ-ಚೋಳಿಯ ಮಾತಿದೆ. ಆ ಹಳೆಯ ಪತ್ರಗಳಲ್ಲಿ ಅನ್ಯಾಯ ಎಷ್ಟೇ ಇದ್ದರೂ, ‘ನೀನು ಬಿಟ್ಟುಕೊಡುತ್ತಿದ್ದೀಯ’ ಎಂದು ಮುಖಕ್ಕೆ ಹೇಳುವ ಮಟ್ಟಿನ ಪ್ರಾಮಾಣಿಕತೆ ಇತ್ತು. ಇಂದಿನ ಎನ್‌ಒಸಿಗೆ ಅಷ್ಟೂ ಇಲ್ಲ.

ತವರು ಉಳಿಯುವುದು ಸಹಿಯಿಂದ ಎನ್ನುವವರು ತವರಿನ ಬಾಡಿಗೆ ಎಷ್ಟೆಂದು ಬಾಯಿಬಿಟ್ಟು ಹೇಳಲಿ.

ಸರ್ಕಾರ ಬದಲಾಗಲಿ ಎಂದು ಕಾಯುವ ಅಗತ್ಯವಿಲ್ಲದ ಕೆಲಸಗಳಿವೆ. ಈ ನಾಲ್ಕು ಊರುಗಳಲ್ಲಿ ಕನ್ನಡ ಸಂಘಗಳಿಗೆ, ಜಾತಿ ಸಂಘಗಳಿಗೆ ಬರವಿಲ್ಲ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ಕಟ್ಟಿ ನಡೆಸಿದ ಊರಿದು. ಯಕ್ಷಗಾನಕ್ಕೆ, ರಾಜ್ಯೋತ್ಸವಕ್ಕೆ, ಸಾಮೂಹಿಕ ಪೂಜೆಗೆ ಸಭಾಂಗಣ ಸಿಗುವಲ್ಲಿ ತಿಂಗಳಿಗೆ ಒಂದು ಭಾನುವಾರ ಬೆಳಿಗ್ಗೆ ಒಂದು ಮೇಜು ಸಿಗಲಾರದೇ? ಮರಾಠಿ, ಇಂಗ್ಲಿಷ್ ಎರಡೂ ಬಲ್ಲ ನಿವೃತ್ತ ಬ್ಯಾಂಕಿನವರು, ಕಿರಿಯ ವಕೀಲರು, ಶಿಕ್ಷಕಿಯರು ಎಲ್ಲ ಸಂಘದಲ್ಲೂ ಇದ್ದಾರೆ. ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವುದು, ಹೇಳಿದವರ ಹೆಸರು, ದಿನಾಂಕವನ್ನು ಆ ಕಾಗದದ ಮೇಲೆಯೇ ಬರೆಯುವುದು, ಇಷ್ಟೇ ಕೆಲಸ. ಕೋರ್ಟಿನ ಜಾಹೀರು ನೋಟೀಸುಗಳು ಇಲ್ಲಿಯ ಮರಾಠಿ, ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾತ್ರ ಬಂದರೆ ಕುಂದಾಪುರದ ಅಕ್ಕನಿಗೆ ಎಂದೂ ಕಾಣುವುದಿಲ್ಲ. ಕರ್ನಾಟಕ ಮಲ್ಲ ಇದೆ, ಉದಯವಾಣಿ ಇದೆ. ವಾರಸುದಾರರು ಕನ್ನಡದವರಾದರೆ ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸಲು ಅನುಮತಿ ಕೇಳಿ ಎಂದು ವಕೀಲರಿಗೆ ಹೇಳಲು ಅರ್ಜಿದಾರರಿಗೆ ಯಾರ ಅಡ್ಡಿಯೂ ಇಲ್ಲ. ವಕೀಲರಲ್ಲಿ ಕನ್ನಡಿಗರೇ ಬೇಕಾದಷ್ಟಿದ್ದಾರೆ. ಅವರು ತಮ್ಮ ಕಂಪ್ಯೂಟರಿನಲ್ಲಿರುವ ನಮೂನೆಯಿಂದ ಎರಡನೆಯ ವಾಕ್ಯವನ್ನು ಇವತ್ತೇ ಅಳಿಸಬಹುದು.

ಕೋರ್ಟಿಗೆ ಹೋಗುವ ಮರಾಠಿ ಹಾಳೆಯ ಬೆನ್ನಿಗೆ ಒಂದು ಕನ್ನಡ ಹಾಳೆ ಇರಲಿ, ಸಹಿ ಎರಡರ ಮೇಲೂ ಬೀಳಲಿ. ಅದರಲ್ಲಿ ಉದ್ದುದ್ದ ಮಾತು ಬೇಕಾಗಿಲ್ಲ. ಇಷ್ಟಿದ್ದರೆ ಸಾಕು: ‘ನಮ್ಮ ತಂದೆಯವರ ಆಸ್ತಿಯ ವ್ಯವಹಾರ ನೋಡಿಕೊಳ್ಳಲು ನನ್ನ ತಮ್ಮನ ಹೆಸರಿಗೆ ಕೋರ್ಟು ಪತ್ರ ಕೊಡುವುದಕ್ಕೆ ನನ್ನ ತಕರಾರಿಲ್ಲ. ಈ ಆಸ್ತಿಯಲ್ಲಿ ನನಗೆ ನಾಲ್ಕನೆಯ ಒಂದು ಪಾಲು ಇದೆ. ಆ ಪಾಲನ್ನು ನಾನು ಈ ಪತ್ರದಿಂದ ಯಾರಿಗೂ ಬಿಟ್ಟುಕೊಟ್ಟಿಲ್ಲ. ಬಂದ ಹಣದ ಮತ್ತು ಮಾಡಿದ ಖರ್ಚಿನ ಲೆಕ್ಕವನ್ನು ತಮ್ಮ ನನಗೆ ಕೊಡತಕ್ಕದ್ದು. ಇದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದವರು ಇಂಥವರು, ಇಂಥ ದಿನ.’